ಕಾಯಿಯ ಬಲ, ಮನೆಯ ಬಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ‘ಕಾಯಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ತೋಟದಲ್ಲಿ ಆಡಿದರೆ ಅದು ತೆಂಗಿನಕಾಯಿ. ಜಗಲಿಯ ಮೇಲೆ ಆಡಿದರೆ ಆಟದ ಕಾಯಿ. ಇವೆರಡಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲವೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಆದರೆ ತೋಟದ ಕಾಯಿಯನ್ನೇ ನೋಡಿ: ಎಳೆಯದಾಗಿ ಮರದಲ್ಲಿದ್ದಾಗ ಅದು ಎಳನೀರು; ಬಲಿತು ಇಳಿದಾಗ ಅಡುಗೆಗೂ ಪೂಜೆಗೂ ಸಲ್ಲುವ ಕಾಯಿ; ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕಳೆದ ಮೇಲೆ, ಅಲುಗಿಸಿದರೆ ಒಳಗೆ ಸದ್ದು ಮಾಡುವ ಉಂಡೆ ಕೊಬ್ಬರಿ. ವಸ್ತು ಒಂದೇ, ಇದ್ದ ಎಡೆಯೂ ಕಾಲವೂ ಬದಲಾದಂತೆ ಅದರ ಗುಣವೂ ಬೆಲೆಯೂ ಬದಲಾಗುತ್ತವೆ. ಆಟದ ಕಾಯಿಯ ವಿಷಯವೂ ಹೀಗೆಯೇ. ಕಾಯಿಯ ಬಲವು ಕಾಯಿಯಲ್ಲಿಯೇ ಇರುವುದೆಂದು ನಾವು ಭಾವಿಸುತ್ತೇವೆ. ನಮ್ಮ ಆಟಗಳ ಚರಿತ್ರೆಯಾದರೋ, ಆ ಬಲವು ಕಾಯಿ ನಿಂತ ಮನೆಯಲ್ಲಿಯೂ ಆಡುವವರ ಒಪ್ಪಂದದಲ್ಲಿಯೂ ಇರುವುದೆಂದು ಹೇಳುತ್ತದೆ. ಈ ಹೊತ್ತು ಆ ಚರಿತ್ರೆಯನ್ನು ಕೊಂಚ ದೂರ ಹಿಂಬಾಲಿಸಿ ನೋಡೋಣ.

ಮೊದಲು ಹತ್ತಿರದ ಆಟದಿಂದ ಹೊರಡುವುದು ಮೇಲು. ಹಳೆಯ ಮೈಸೂರಿನ ಬೇರೆ ಕಡೆಗಳಂತೆ ಬೋರನಕಣಿವೆಯ ಸುತ್ತಿನ ಸೀಮೆಗೂ ಪರಿಚಿತವಾದದ್ದು ಚೌಕಾಬಾರದ ಆಟ. ಇದನ್ನು ಕಟ್ಟೆಮನೆ ಎಂದೂ ಕರೆಯುವುದುಂಟು. ಇದಕ್ಕೆ ಬೇಕಾದ ಸಾಮಗ್ರಿ ಬಹು ಸ್ವಲ್ಪ. ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ನೆಲದ ಮೇಲೆ ಬರೆದ, ಅಡ್ಡಕ್ಕೆ ಐದು ಉದ್ದಕ್ಕೆ ಐದು, ಒಟ್ಟು 25 ಮನೆಗಳ ಚೌಕ; ನಾಲ್ಕು ಕವಡೆಗಳು, ಅವಿಲ್ಲದಿದ್ದರೆ ಒಂದು ಬದಿಯನ್ನು ತೇಯ್ದ ಹುಣಿಸೆಬೀಜಗಳು; ಒಬ್ಬೊಬ್ಬರಿಗೆ ನಾಲ್ಕು ಕಾಯಿಗಳು. ಕಾಯಿಯೆಂದರೆ ಬಳೆಯ ಚೂರಾದರೂ ಸರಿ, ಕರಟದ ಚೂರಾದರೂ ಸರಿ. ಕವಡೆಗಳು ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಎಂದರೆ ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂದರೆ ಎಂಟು. ಕಾಯಿಗಳು ಹೊರಸುತ್ತಿನ 16 ಮನೆಗಳನ್ನು ಬಳಸಿ, ಒಳಸುತ್ತಿನ 8 ಮನೆಗಳನ್ನು ಹೊಕ್ಕು, ನಡುಮನೆಯಲ್ಲಿ ಹಣ್ಣಾಗಬೇಕು.

ಇಷ್ಟು ಚಿಕ್ಕ ಹಲಗೆಯಲ್ಲಿ ನಾವು ಗಮನಿಸತಕ್ಕ ಮೂರು ಸಂಗತಿಗಳಿವೆ. ಒಂದನೆಯದು ಕಟ್ಟೆ. ನಾಲ್ಕು ಅಂಚುಗಳ ನಡುವಣ ಮನೆಗಳಿಗೂ ಒಳನಡುವಿನ ಮನೆಗೂ ಅಡ್ಡಗೀಟುಗಳ ಗುರುತುಂಟು. ಅಲ್ಲಿ ನಿಂತ ಕಾಯಿಯನ್ನು ಯಾರೂ ಕಡಿಯುವ ಹಾಗಿಲ್ಲ. ಒಂದು ಹೆಜ್ಜೆ ಆಚೆಗೆ ಇಟ್ಟಿತೋ, ಅದೇ ಕಾಯಿ ಎದುರಾಳಿಗೆ ತುತ್ತು. ಎರಡನೆಯದು ಒಳಸುತ್ತಿನ ಹಕ್ಕು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದವನು ಒಳಗೆ ಕಾಲಿಡುವ ಹಾಗಿಲ್ಲ. ಕಡಿದ ಕ್ಷಣದಲ್ಲಿ ಅವನ ಕಾಯಿಗಳೆಲ್ಲಕ್ಕೂ ದಾರಿ ತೆರೆಯುತ್ತದೆ. ಮೂರನೆಯದು ಗಟ್ಟಿ. ಒಬ್ಬನ ಎರಡು ಕಾಯಿಗಳು ಒಂದೇ ಮನೆಯಲ್ಲಿ ಕೂಡಿದರೆ ಕೆಲವು ಊರುಗಳಲ್ಲಿ ಅದು ಗಟ್ಟಿಯೆನಿಸಿಕೊಳ್ಳುತ್ತದೆ; ಇನ್ನೊಂದು ಗಟ್ಟಿಯೇ ಬಂದು ಹೊಡೆಯಬೇಕಲ್ಲದೆ ಒಂಟಿ ಕಾಯಿಯಿಂದ ಅದಕ್ಕೆ ಭಯವಿಲ್ಲ. ಆದರೆ ಕೂಡಿದ್ದರ ಬೆಲೆಯನ್ನೂ ತೆರಬೇಕು: ಬಿದ್ದ ಗರದ ಅರ್ಧದಷ್ಟು ಮಾತ್ರ ಅದು ನಡೆಯುತ್ತದೆ. ಬಳೆಯ ಚೂರು ಬಳೆಯ ಚೂರೇ. ಅದು ನಿಂತ ಮನೆ, ಅದರ ಯಜಮಾನನು ಮಾಡಿದ ಕೆಲಸ, ಅದರ ಜೊತೆಗಾರ, ಇವು ಮೂರೇ ಅದರ ಬಲವನ್ನು ಗೊತ್ತುಮಾಡುವುವು. ನಮ್ಮ ಹಿರಿಯರು ಸ್ಥಾನಬಲವೆಂದು ಕರೆದದ್ದಕ್ಕೆ ಇದಕ್ಕಿಂತ ಸುಲಭವಾದ ಪಾಠ ಸಿಕ್ಕದು.

ಚೌಕಾಬಾರವು ಹುಡುಗರ ಆಟ, ಚದುರಂಗವು ಅರಸರ ಆಟ. ಒಂದರಲ್ಲಿ ಅದೃಷ್ಟ, ಇನ್ನೊಂದರಲ್ಲಿ ಬುದ್ಧಿ. ಇವೆರಡನ್ನೂ ಒಂದೇ ಮಾತಿನಲ್ಲಿ ಸೇರಿಸುವುದು ಹೇಗೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ಎರಡು ಆಟಗಳ ನಡುವಣ ಗೋಡೆ ನಾವು ಎಣಿಸುವಷ್ಟು ಹಳೆಯದಲ್ಲ. ಏಳನೆಯ ಶತಮಾನದಲ್ಲಿ ಬಾಣಭಟ್ಟನು ಹರ್ಷಚರಿತದಲ್ಲಿ ಅಷ್ಟಾಪದವನ್ನೂ ಚತುರಂಗವನ್ನೂ ಒಟ್ಟಿಗೆ ಹೆಸರಿಸುತ್ತಾನೆ. ಸುಮಾರು 1030ರಲ್ಲಿ ನಮ್ಮ ದೇಶದ ಆಚಾರಗಳನ್ನು ಕುರಿತು ಬರೆದ ಅಲ್ ಬಿರೂನಿಯು ವಿವರಿಸುವ ಚದುರಂಗವನ್ನು ನಾಲ್ವರು ಕುಳಿತು ದಾಳ ಹಾಕಿ ಆಡುತ್ತಿದ್ದರು. ವಂಗದೇಶದ ಸ್ಮೃತಿಕಾರನಾದ ರಘುನಂದನನ ತಿಥಿತತ್ತ್ವದಲ್ಲಿಯೂ ಅಂಥ ಆಟದ ವಿವರವುಂಟು. ಅಲ್ಲಿ ದಾಳದಲ್ಲಿ ಐದು ಬಿದ್ದರೆ ಕಾಲಾಳು ಅಥವಾ ಅರಸು, ನಾಲ್ಕು ಬಿದ್ದರೆ ಆನೆ, ಮೂರು ಬಿದ್ದರೆ ಕುದುರೆ, ಎರಡು ಬಿದ್ದರೆ ದೋಣಿ ನಡೆಯಬೇಕು. ಎಂದರೆ, ಹಲಗೆಯ ಮೇಲೆ ಎಂಥ ಆನೆ ನಿಂತಿದ್ದರೂ ದಾಳವು ಅಪ್ಪಣೆ ಕೊಡುವ ತನಕ ಅದು ಮರದ ತುಂಡು. ಆ ಚದುರಂಗಕ್ಕೂ ನಮ್ಮ ಜಗಲಿಯ ಚೌಕಕ್ಕೂ ದೂರ ಬಹಳವಿಲ್ಲ.

ಇನ್ನು ಆನೆಯ ಕತೆಯನ್ನೇ ತೆಗೆದುಕೊಳ್ಳೋಣ. ಅಲ್ ಬಿರೂನಿಯು ಕಂಡ ಆನೆ ಮುಂದಕ್ಕೆ ಒಂದು ಮನೆ, ನಾಲ್ಕು ಮೂಲೆಗಳಿಗೆ ಒಂದೊಂದು ಮನೆ, ಹೀಗೆ ಐದು ಕಡೆಗೆ ನಡೆಯುತ್ತಿತ್ತು. ಸೊಂಡಿಲು ಒಂದು, ಕಾಲು ನಾಲ್ಕು ಎಂಬ ಲೆಕ್ಕ. ಬರ್ಮಾ, ಎಂದರೆ ಈಗಿನ ಮ್ಯಾನ್ಮಾರ್ ದೇಶದ ಹಳೆಯ ಚದುರಂಗದಲ್ಲಿ ಆನೆಯ ನಡೆ ಇದೇ. ಅರಬರಲ್ಲಿ ಬೆಳೆದ ಆಟದಲ್ಲಿ ಆನೆಯು ಮೂಲೆಗೆ ಎರಡನೆಯ ಮನೆಗೆ ಹಾರುವ ಪ್ರಾಣಿಯಾಯಿತು. ಅಂಥ ಆನೆ 64 ಮನೆಗಳಲ್ಲಿ ಎಂಟನ್ನು ಮಾತ್ರ ಮುಟ್ಟಬಲ್ಲದು. ಉಳಿದ 56 ಮನೆಗಳು ಅದರ ಪಾಲಿಗೆ ಇಲ್ಲವೇ ಇಲ್ಲ. ಆ ಆನೆಯೇ ಯೂರೋಪಿಗೆ ಹೋಗಿ ಕ್ರೈಸ್ತ ಧರ್ಮಾಧಿಕಾರಿಯಾಗಿ, 15ನೆಯ ಶತಮಾನದ ಕೊನೆಯ ವೇಳೆಗೆ ಮೂಲೆಯ ದಾರಿಯಲ್ಲಿ ತಡೆಯಿಲ್ಲದೆ ಓಡುವ ಬಲವನ್ನು ಪಡೆಯಿತು. ಅದೇ ಕಾಲದಲ್ಲಿ, ಅದುವರೆಗೆ ಮೂಲೆಗೆ ಒಂದೇ ಹೆಜ್ಜೆ ಇಡುತ್ತಿದ್ದ ಮಂತ್ರಿಯು ರಾಣಿಯಾಗಿ ಎಂಟು ದಿಕ್ಕಿಗೂ ನುಗ್ಗತೊಡಗಿದಳು. ನಮ್ಮಲ್ಲಾದರೋ ಆನೆಯು ಮೂಲೆಯ ಮನೆಯಲ್ಲಿ ನಿಂತು ನೆಟ್ಟಗೆ ಓಡುವ ಕಾಯಿ. ಓರೆಯಾಗಿ ಓಡುವುದು ಒಂಟೆಯ ಪಾಲು. ಹೆಸರು ಒಂದೇ; ನಡೆ ದೇಶಕ್ಕೊಂದು, ಕಾಲಕ್ಕೊಂದು. ಇವುಗಳಲ್ಲಿ ನಿಜವಾದ ಆನೆ ಯಾವುದು ಎಂದು ಕೇಳುವುದು ವ್ಯರ್ಥ. ಎದುರುಬದುರು ಕುಳಿತವರು ಒಪ್ಪಿದ್ದೇ ಆನೆ.

ಆನೆಗಿಂತಲೂ ಮನಸ್ಸನ್ನು ಹಿಡಿಯುವುದು ಕಾಲಾಳಿನ ಕತೆ. ಇಂದು ಪಂದ್ಯಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ನಿಯಮದಂತೆ, ಕೊನೆಯ ಸಾಲನ್ನು ಮುಟ್ಟಿದ ಕಾಲಾಳನ್ನು ಆಟಗಾರನು ತನಗೆ ಬೇಕಾದ ಕಾಯಿಯಾಗಿ ಮಾಡಿಕೊಳ್ಳಬಹುದು. ಆರಿಸುವುದು ಸಾಮಾನ್ಯವಾಗಿ ರಾಣಿಯನ್ನೇ. ನಮ್ಮ ದೇಶದ ಹಳೆಯ ಪದ್ಧತಿ ಹಾಗಲ್ಲ. ಆನೆಯ ಸಾಲಿನಲ್ಲಿ ಹೋಗಿ ಮುಟ್ಟಿದ ಕಾಲಾಳು ಆನೆ, ಕುದುರೆಯ ಸಾಲಿನಲ್ಲಿ ಮುಟ್ಟಿದ್ದು ಕುದುರೆ, ಒಂಟೆಯ ಸಾಲಿನಲ್ಲಿ ಮುಟ್ಟಿದ್ದು ಒಂಟೆ, ಅರಸನ ಅಥವಾ ಮಂತ್ರಿಯ ಸಾಲಿನಲ್ಲಿ ಮುಟ್ಟಿದ್ದು ಮಂತ್ರಿ. ಯಾವ ದಾರಿಯಲ್ಲಿ ನಡೆದೆಯೋ ಆ ದಾರಿಯ ಫಲ. ಹಲವೆಡೆಗಳಲ್ಲಿ ಇನ್ನೊಂದು ಕಟ್ಟೂ ಇತ್ತು: ಅಂಥ ಕಾಯಿಯೊಂದು ಮೊದಲೇ ಕಳೆದುಹೋಗಿದ್ದರೆ ಮಾತ್ರ ಕಾಲಾಳಿಗೆ ಆ ಪದವಿ, ಇಲ್ಲದಿದ್ದರೆ ಬಾಗಿಲಲ್ಲಿ ಕಾದು ನಿಲ್ಲಬೇಕು. ಅರಸನಿಗೂ ಒಂದು ವಿಶೇಷ ಹಕ್ಕಿತ್ತು. ಅದುವರೆಗೆ ಎದುರಾಳಿಯಿಂದ ಷಾ ಎನ್ನಿಸಿಕೊಳ್ಳದ ಅರಸು ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಒಮ್ಮೆ ಷಾ ಬಿದ್ದಿತೋ, ಆ ಹಕ್ಕು ಮುಗಿಯಿತು. ಆಮೇಲೆ ಅವನು ಒಂದು ಹೆಜ್ಜೆಯ ಅರಸು.

ಈ ಒಂದು ಹೆಜ್ಜೆಯ ಅರಸನ ಮಾತು ಬಂದಾಗ ಮೈಸೂರಿನ ಚರಿತ್ರೆಯನ್ನು ಓದಿದವರಿಗೆ ಯಾರ ನೆನಪಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡನಾಡಿನಲ್ಲಿ ಆಟಗಳನ್ನು ಶಾಸ್ತ್ರವೆಂದು ಭಾವಿಸಿ ಬರೆದ ಅರಸರ ಪರಂಪರೆಯೇ ಉಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದ ಐದನೆಯ ವಿಂಶತಿಯು ಕ್ರೀಡೆಗಳಿಗೇ ಮೀಸಲು. ಚದುರಂಗಕ್ಕೂ ಅದರಲ್ಲಿ ಸ್ಥಳವುಂಟು. ಆ ಪರಂಪರೆಯ ಕೊನೆಯ ದೊಡ್ಡ ಹೆಸರು ಮುಮ್ಮಡಿ ಕೃಷ್ಣರಾಜ ಒಡೆಯರವರದು. 1794ರಲ್ಲಿ ಹುಟ್ಟಿ, 1799ರಲ್ಲಿ ಐದನೆಯ ವಯಸ್ಸಿಗೆ ಪಟ್ಟವೇರಿದ ಅವರಿಂದ, ನಗರದ ರೈತರ ದಂಗೆಯ ತರುವಾಯ 1831ರಲ್ಲಿ ಇಂಗ್ಲಿಷ್ ಕಂಪನಿಯವರು ಆಡಳಿತವನ್ನು ಕಿತ್ತುಕೊಂಡರು. ಪಟ್ಟ ಉಳಿಯಿತು, ಅರಮನೆ ಉಳಿಯಿತು, ದರ್ಬಾರು ಉಳಿಯಿತು. ಬಲ ಮಾತ್ರ ಕಮಿಷನರವರ ಕಚೇರಿಗೆ ಹೋಯಿತು. 1868ರಲ್ಲಿ ತೀರಿಕೊಳ್ಳುವವರೆಗೆ 37 ವರ್ಷಗಳ ಕಾಲ ಅವರು ಹಲಗೆಯ ಮೇಲೆ ಅರಸಾಗಿಯೇ ಇದ್ದು, ನಡೆಯಲು ಮನೆಯಿಲ್ಲದವರಾಗಿದ್ದರು.

ಈ ವರ್ಷಗಳಲ್ಲಿ ಅವರ ಮನಸ್ಸನ್ನು ಸೆಳೆದುಕೊಂಡ ವಿಷಯಗಳಲ್ಲಿ ಆಟವೂ ಒಂದು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಆಟಗಳನ್ನು ಕುರಿತದ್ದು. ದೊಡ್ಡ ಹಲಗೆಗಳ ಚದುರಂಗ, ಹೊಸ ಬಗೆಯ ಗಂಜೀಫ, ಅಂಕಿಗಳ ಚಮತ್ಕಾರ, ಹೀಗೆ ಅವರ ಕುತೂಹಲಕ್ಕೆ ಮೇರೆಯಿರಲಿಲ್ಲ. ಗಂಜೀಫದಲ್ಲಿಯೂ ಬಲ ಬದಲಾಗುವ ಕಟ್ಟು ಉಂಟಷ್ಟೆ: ದಶಾವತಾರದ ಎಲೆಗಳಲ್ಲಿ ಅರ್ಧ ಬಣ್ಣಗಳಿಗೆ ಹತ್ತು ಹಿರಿದು, ಉಳಿದರ್ಧಕ್ಕೆ ಒಂದು ಹಿರಿದು, ಹಗಲಾಟಕ್ಕೆ ರಾಮ ಮುಂದು, ಇರುಳಾಟಕ್ಕೆ ಕೃಷ್ಣ ಮುಂದು.

ಅಧಿಕಾರ ಕಳೆದುಕೊಂಡವರು ಕಾಲ ಕಳೆಯಲು ಆಟಕ್ಕೆ ಕುಳಿತರೆಂದು ಇದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಅವರು ಬಹಳವಾಗಿ ಒಲಿದದ್ದು ಕುದುರೆಯ ಪಯಣಕ್ಕೆ, ಎಂದರೆ ಒಂದೇ ಕುದುರೆಯು ಹಲಗೆಯ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಸಮಸ್ಯೆಗೆ. ಆನೆ ಬದಲಾಯಿತು, ಮಂತ್ರಿ ಬದಲಾದನು. ಕುದುರೆಯ ನಡೆ ಮಾತ್ರ ಅರಬರಲ್ಲಿಯೂ ಯೂರೋಪಿನಲ್ಲಿಯೂ ನಮ್ಮಲ್ಲಿಯೂ ಒಂದೇ ಆಗಿ ಉಳಿದಿದೆ. ಯಾರೂ ಕಿತ್ತುಕೊಳ್ಳಲಾರದ ಬಲವುಳ್ಳ ಕಾಯಿಯನ್ನು ಆ ಅರಸರು ಆರಿಸಿಕೊಂಡದ್ದು ಆಕಸ್ಮಿಕವಿದ್ದರೂ ಇರಬಹುದು. ಆದರೂ ಅದು ನಮ್ಮ ಮನಸ್ಸನ್ನು ಮುಟ್ಟುತ್ತದೆ. 1852 ಮತ್ತು 1868ರ ನಡುವೆ ಅವರು ರಚಿಸಿದ ಒಂದು ಪಯಣದಲ್ಲಿ, ಕುದುರೆ ಮುಟ್ಟಿದ ಮನೆಗಳಿಗೆ ಕ್ರಮವಾಗಿ 1ರಿಂದ 64ರ ವರೆಗೆ ಅಂಕಿ ಹಾಕಿದರೆ, ಪ್ರತಿಯೊಂದು ಅಡ್ಡಸಾಲೂ ಪ್ರತಿಯೊಂದು ಉದ್ದಸಾಲೂ ಕೂಡಿಸಿದಾಗ 260 ಆಗುತ್ತದೆ. ಕರ್ಣಗಳೆರಡೂ 260 ಆಗುವಂಥ ಪಯಣ ಎಂಟು ಮನೆಯ ಹಲಗೆಯಲ್ಲಿ ಸಾಧ್ಯವೇ ಇಲ್ಲವೆಂಬುದು 2003ರಲ್ಲಿ ಕಂಪ್ಯೂಟರಿನ ಎಣಿಕೆಯಿಂದ ಗೊತ್ತಾಯಿತು. ಆದ್ದರಿಂದ ಮುಮ್ಮಡಿಯವರು ಮುಟ್ಟಿದ್ದು ಮನುಷ್ಯನು ಮುಟ್ಟಬಹುದಾದ ಎಲ್ಲೆಯ ಸಮೀಪವನ್ನೇ.

ಇಲ್ಲಿ ಚಿಕ್ಕ ಹಲಗೆಯ ಒಂದು ವಿಷಯವನ್ನು ಹೇಳಬೇಕು. ಹಲಗೆಯನ್ನು ಅರ್ಧಮಾಡಿ, ನಾಲ್ಕು ಸಾಲಿನ 32 ಮನೆಗಳಲ್ಲಿ ಕುದುರೆಯನ್ನು ನಡೆಸುವುದು ನಮ್ಮ ಕವಿಗಳಿಗೆ ಹಳೆಯ ವಿನೋದ. ಅನುಷ್ಟುಪ್ ಶ್ಲೋಕದ ಅಕ್ಷರಗಳೂ 32 ಅಲ್ಲವೇ! ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನು ತನ್ನ ಅಲಂಕಾರಗ್ರಂಥದಲ್ಲಿಯೂ, ಕೆಲಕಾಲ ನಮ್ಮ ಸತ್ಯಾಗಾಲದಲ್ಲಿ ನೆಲಸಿದ್ದ ವೇದಾಂತದೇಶಿಕರು ಪಾದುಕಾಸಹಸ್ರದಲ್ಲಿಯೂ ಈ ತುರಗಬಂಧವನ್ನು ಕಟ್ಟಿದ್ದಾರೆ. ಆದರೆ ನಾಲ್ಕೇ ಸಾಲಿನ ಹಲಗೆಯಲ್ಲಿ ಎಲ್ಲ ಮನೆಗಳನ್ನೂ ಮುಟ್ಟಿದ ಕುದುರೆಯು ಕೊನೆಯ ನೆಗೆತದಲ್ಲಿ ಹೊರಟ ಮನೆಗೆ ಮರಳಿ ಬರಲಾರದೆಂಬುದು ಗಣಿತದ ಸಿದ್ಧಾಂತ. ಎಂಟೂ ಸಾಲುಗಳಿದ್ದರೆ ಮರಳಬಹುದು. ಕುದುರೆಯ ಬಲ ಬದಲಾಗದಿದ್ದರೂ ಹಲಗೆ ಕುಗ್ಗಿದರೆ ಮನೆಗೆ ಬರುವ ದಾರಿ ಮುಚ್ಚುತ್ತದೆ.

ಮುಮ್ಮಡಿಯವರಿಗೂ ಹಾಗೆಯೇ ಆಯಿತು. ರಾಜ್ಯವನ್ನು ಹಿಂದಿರುಗಿಸಬೇಕೆಂದು ಅವರು ಮತ್ತೆ ಮತ್ತೆ ಬರೆದುಕೊಂಡರು. ಅದು ಕೈಗೂಡಿದ್ದು ಅವರು ತೀರಿಹೋದ ಮೇಲೆ, 1881ರಲ್ಲಿ, ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರವರ ಕಾಲಕ್ಕೆ. ಐವತ್ತು ವರ್ಷ ಬಲವಿಲ್ಲದೆ ನಿಂತಿದ್ದ ಕಾಯಿಗೆ ಬಲ ಮರಳಿ ಬಂತು. ಬಂದ ಬಲವನ್ನು ಏನು ಮಾಡಿದರು ಎಂಬುದಕ್ಕೆ ಉತ್ತರವಾಗಿ ನಿಂತಿರುವ ಕೆಲಸಗಳಲ್ಲಿ ಬೋರನಕಣಿವೆಯೂ ಒಂದು. ಸುವರ್ಣಮುಖಿ ಹೊಳೆಗೆ ಅಡ್ಡಲಾಗಿ ಈ ಜಲಾಶಯ ಎದ್ದದ್ದು ಚಾಮರಾಜೇಂದ್ರರ ಆಳ್ವಿಕೆಯಲ್ಲಿಯೇ. ನಗರದ ರೈತರ ದಂಗೆಯಿಂದ ಹೋದ ಬಲವು, ಮರಳಿ ಬಂದಾಗ ಇಲ್ಲಿಯ ರೈತರ ಹೊಲಕ್ಕೆ ನೀರಾಗಿ ಹರಿಯಿತೆಂದರೆ ಅದರಲ್ಲಿ ಒಂದು ನ್ಯಾಯವಿದೆ. ಕಾಲಾಳನ್ನು ಕಾಯದ ಅರಸು ಹಲಗೆಯಲ್ಲಿಯೂ ಬಹುಕಾಲ ನಿಲ್ಲನು.

ನಾಡು ಹೀಗೆ ತನ್ನ ಬಲವನ್ನು ಮರಳಿ ಪಡೆಯಿತು. ಆಟ ಪಡೆಯಲಿಲ್ಲ. 1924ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಚದುರಂಗ ಸಂಘ ಹುಟ್ಟಿತು; ಕ್ರಮೇಣ ಜಗತ್ತಿಗೆಲ್ಲ ಒಂದೇ ನಿಯಮವಾಯಿತು. ಇದರಿಂದ ಲಾಭವಾಗಲಿಲ್ಲವೆಂದು ನಾವು ಹೇಳುವುದಿಲ್ಲ. ದೇಶೀಯ ಪದ್ಧತಿಯಲ್ಲಿ ಆಟ ಕಲಿತಿದ್ದ ಪಂಜಾಬಿನ ಮೀರ್ ಸುಲ್ತಾನ್ ಖಾನನು ಹೊಸ ನಿಯಮಗಳನ್ನು ಅಭ್ಯಾಸಮಾಡಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದನು; ಜಗಜ್ಜೇತನಾಗಿದ್ದ ಕಾಪಾಬ್ಲಾಂಕನನ್ನೂ ಒಮ್ಮೆ ಸೋಲಿಸಿದನು. ನಿಯಮ ಒಂದಾಗದಿದ್ದರೆ ಅವರಿಬ್ಬರೂ ಎದುರುಬದುರು ಕುಳಿತುಕೊಳ್ಳುವುದೇ ಸಾಧ್ಯವಿರಲಿಲ್ಲ. ಆದರೆ ದಾರಿಗೆ ತಕ್ಕ ಪದವಿ ಪಡೆಯುವ ಕಾಲಾಳೂ, ಒಮ್ಮೆ ಹಾರುವ ಅರಸೂ, ಊರಿಗೊಂದು ಬಗೆಯಾಗಿ ಬದುಕಿದ್ದ ಕಟ್ಟುಗಳೂ ಮೂಲೆ ಸೇರಿದವು.

ವಿಚಿತ್ರವೆಂದರೆ, ಹೊರಗಿನ ಜಗತ್ತು ಇಂದು ಹುಡುಕುತ್ತಿರುವುದು ಇಂಥದನ್ನೇ. 1956ರಲ್ಲಿ ಅಮೆರಿಕದ ಲಾಸ್ ಅಲಮೋಸಿನಲ್ಲಿ ಯಂತ್ರಕ್ಕೆ ಚದುರಂಗ ಕಲಿಸಿದವರು ಹಲಗೆಯನ್ನು ಆರು ಮನೆಗೆ ಇಳಿಸಿ ನಮ್ಮ ಒಂಟೆಯ ಜಾಗದ ಕಾಯಿಯನ್ನೇ ತೆಗೆದುಹಾಕಿದರು. 1976ರ ಸುಮಾರಿಗೆ ಜಪಾನಿನಲ್ಲಿ ತಮಿಯ ಕತ್ಸುಯ ಎಂಬವರು ಕಲ್ಪಿಸಿದ ಕ್ಯೋಟೋ ಶೋಗಿಯ ಹಲಗೆ ನಮ್ಮ ಚೌಕಾಬಾರದಂತೆಯೇ ಐದು ಮನೆ ಅಡ್ಡ, ಐದು ಮನೆ ಉದ್ದ. ಅದರಲ್ಲಿ ನಡೆಸಿದ ಕಾಯಿಯನ್ನು ಒಡನೆಯೇ ಮಗುಚಿ ಇಡಬೇಕು; ಮಗುಚಿದೊಡನೆ ಅದರ ಬಲ ಬೇರೆ. ಈ ಸಲ ಒಂದೇ ಮನೆ ಮುಂದೆ ಸಾಗಿದ ಕಾಲಾಳು ಮುಂದಿನ ಸಲಕ್ಕೆ ನೆಟ್ಟಗೆ ಓಡುವ ಆನೆ. ಆನೆಯಾಗಿ ಓಡಿದೊಡನೆ ಮತ್ತೆ ಕಾಲಾಳು. ಅರಸನೊಬ್ಬನೇ ಬದಲಾಗದವನು. ಮೈಸೂರಿನ ಚರಿತ್ರೆಯನ್ನು ಬಲ್ಲವರು ಆ ವಿನಾಯಿತಿಯನ್ನು ಕಂಡು ಮುಗುಳ್ನಗದಿರಲಾರರು.

ಆಟದ ಹಲಗೆ ಉಳಿಯುವುದು ಕಷ್ಟವಲ್ಲ. ನಮ್ಮ ಗುಡಿಗಳ ಕಲ್ಲುಹಾಸಿನ ಮೇಲೆ ಕೊರೆದ ಚೌಕಗಳು ಎಷ್ಟೋ ತಲೆಮಾರುಗಳಿಂದ ಉಳಿದಿವೆ. ಆದರೆ ಕಲ್ಲು ಮನೆಯನ್ನು ಮಾತ್ರ ಉಳಿಸುತ್ತದೆ, ನಡೆಯನ್ನು ಉಳಿಸುವುದಿಲ್ಲ. ನಡೆ ಇರುವುದು ಆಡುವವರ ಬಾಯಲ್ಲಿ. ಆಡುವ ಕೊನೆಯ ಅಜ್ಜಿಯೊಡನೆ ಅದೂ ಹೋಗುತ್ತದೆ. ಆಮೇಲೆ ಆ ಚೌಕವನ್ನು ನೋಡಿದವರಿಗೆ ಯಾವ ಮನೆ ಕಟ್ಟೆ, ಎರಡು ಕಾಯಿ ಕೂಡಿದರೆ ಏನು, ಕಡಿಯದವನಿಗೆ ದಾರಿಯುಂಟೇ ಇಲ್ಲವೇ ಎಂಬುದು ತಿಳಿಯುವ ಬಗೆಯಿಲ್ಲ. ಮುಮ್ಮಡಿಯವರು ಬರೆದಿಟ್ಟದ್ದರಿಂದ ಅರಮನೆಯ ಆಟಗಳು ನಮಗೆ ತಿಳಿದಿವೆ. ಜಗಲಿಯ ಆಟಗಳನ್ನು ಬರೆದಿಡಲು ಯಾವ ಅರಸನೂ ಬೇಕಾಗಿಲ್ಲ. ಒಂದು ಕಾಗದ, ಒಂದು ಸಂಜೆ, ಕೇಳುವ ತಾಳ್ಮೆ ಇಷ್ಟಿದ್ದರೆ ಸಾಕು. ಈ ಮಾತನ್ನು ಕೇಳಿದವರು ತಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು, ಅವರ ಊರಿನ ಕಟ್ಟು ಏನಿತ್ತೆಂದು ಕೇಳಿ, ಅವರೊಡನೆ ಒಂದು ಆಟವಾಡಿ, ಆಡಿದಂತೆಯೇ ಬರೆದಿಟ್ಟರೆ ಅದು ಚರಿತ್ರೆಗೆ ಸಣ್ಣ ಕಾಣಿಕೆಯಲ್ಲ. ಅಟ್ಟಕ್ಕೆ ಏರಿಸಿದ ಕಾಯಿಯೇ ಕೊಬ್ಬರಿಯಾಗುವುದು; ಏರಿಸದೆ ತೋಟದಲ್ಲಿ ಬಿಟ್ಟದ್ದು ಮೊಳೆಯಬಹುದು, ಕೊಳೆಯಬಹುದು, ನಮ್ಮ ಕೈಗೆ ಮಾತ್ರ ದಕ್ಕದು.